ಕಾವಲಿನ ಕೂಲಿ

ಉಡುಪಿಯಲ್ಲಿ 1925ರಲ್ಲಿ ಶುರುವಾದ ಒಂದು ಪುಟ್ಟ ಬ್ಯಾಂಕು 1928ರಲ್ಲಿ ಯಾರೂ ಮಾಡದ ಕೆಲಸ ಮಾಡಿತು. ಜನ ಬ್ಯಾಂಕಿಗೆ ಬರಲಿ ಎಂದು ಕಾಯದೆ ತಾನೇ ಜನರ ಬಾಗಿಲಿಗೆ ಹೋಯಿತು. ದಿನಕ್ಕೆ 2 ಆಣೆ ಕೊಟ್ಟರೂ ಸಾಕು, ನಮ್ಮವರು ಬಂದು ತಗೊಂಡು ಹೋಗ್ತಾರೆ ಎಂದಿತು. ರೂಪಾಯಿಗೆ 16 ಆಣೆ ಇದ್ದ ಕಾಲ. ದಿನಕ್ಕೆ 2 ಆಣೆ ಅಂದರೆ ತಿಂಗಳಿಗೆ ಮೂರೂಮುಕ್ಕಾಲು ರೂಪಾಯಿ. ಇದೇ ಪಿಗ್ಮಿ. ಆ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಬ್ಯಾಂಕಿನ ಹೆಸರು ಹೋದರೂ ಪಿಗ್ಮಿ ಹೋಗಲಿಲ್ಲ. ಈಗಲೂ ನಮ್ಮ ಕಡೆಯ ಯಾವ ಪೇಟೆ ಬೀದಿಯಲ್ಲಿ ನಿಂತರೂ ಸಂಜೆ ಹೊತ್ತಿಗೆ ಕೈಯಲ್ಲಿ ಪುಟ್ಟ ಮೆಷಿನ್ ಹಿಡಿದ ಒಬ್ಬರು ಅಂಗಡಿಯಿಂದ ಅಂಗಡಿಗೆ ಹೋಗುವುದು ಕಾಣುತ್ತದೆ.

ನಾನು ಲೆಕ್ಕ ಬರೆಯುವ ಕೆಲಸದವನು. ತಿಪಟೂರಿನ ಕೆಲವು ಅಂಗಡಿಗಳ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ನೋಡಿಕೊಳ್ಳುತ್ತೇನೆ. ಹಾಗಾಗಿ ಜನರ ಪಾಸ್‌ಬುಕ್ಕು ನನ್ನ ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಪಿಗ್ಮಿಗೆ ಸಿಗುವ ಬಡ್ಡಿ ಸಾಮಾನ್ಯವಾಗಿ ಎಫ್‌ಡಿಯ ಬಡ್ಡಿಗಿಂತ ಕಡಿಮೆ. ಮಧ್ಯದಲ್ಲಿ ಮುರಿದರೆ ಇನ್ನೂ ಕಡಿಮೆ. ಕೆಲವು ಕಡೆ ಕಲೆಕ್ಟರ್‌ಗೆ ಕೊಟ್ಟ ಕಮಿಷನ್ನನ್ನೂ ಹಿಡಿದುಕೊಳ್ಳುತ್ತಾರೆ. ಇದು ಅಂಗಡಿಯವರಿಗೆ ಗೊತ್ತಿಲ್ಲ ಎಂದುಕೊಂಡಿರಾ? ಚೆನ್ನಾಗಿ ಗೊತ್ತು. ಕ್ವಿಂಟಲ್ ಕೊಬ್ಬರಿಗೆ ಹತ್ತು ರೂಪಾಯಿ ಬಿಡದ ಜನ ಅವರು. ಆದರೂ ಎರಡು ಬೀದಿ ಆಚೆ ಇರುವ ಬ್ಯಾಂಕಿಗೆ ತಾವೇ ಹೋಗಿ ಹೆಚ್ಚು ಬಡ್ಡಿ ತರುವುದನ್ನು ಬಿಟ್ಟು ಪಿಗ್ಮಿ ಕಟ್ಟುತ್ತಾರೆ. ಯಾಕೆ?

ಯಾಕೆಂದರೆ ಪಿಗ್ಮಿಯವರು ಬರುತ್ತಾರೆ. ಅಷ್ಟೇ. ಬಂದು ಎದುರಿಗೆ ನಿಂತರೆ ‘ಇವತ್ತು ಬೇಡ’ ಎನ್ನುವುದಕ್ಕೆ ಸಂಕೋಚ. ಅವರು ಬರದಿದ್ದರೆ ಆ ದಿನ ಕಟ್ಟಬೇಕಿದ್ದ 200 ರೂಪಾಯಿ ರಾತ್ರಿಯೊಳಗೆ ಇನ್ನೆಲ್ಲೋ ಹೋಗಿರುತ್ತದೆ. ಕಡಿಮೆ ಬಡ್ಡಿ ಎನ್ನುವುದು ನಷ್ಟವಲ್ಲ, ಕೂಲಿ. ನಮ್ಮ ದುಡ್ಡನ್ನು ನಮ್ಮಿಂದಲೇ ಕಾಯುವುದಕ್ಕೆ ಒಬ್ಬ ಕಾವಲುಗಾರನನ್ನು ಇಟ್ಟುಕೊಂಡು, ಅವನಿಗೆ ಕೊಡುವ ಕೂಲಿ.

ಹಣಕಾಸಿನ ಬಗ್ಗೆ ಬರೆಯುವವರು ಹೆಚ್ಚಾಗಿ ಬಡ್ಡಿಯ ಪಟ್ಟಿ ಹಾಕುತ್ತಾರೆ. ಇದರಲ್ಲಿ 7, ಅದರಲ್ಲಿ 8, ಇನ್ನೊಂದರಲ್ಲಿ 12. ಪಟ್ಟಿ ನೋಡಿದರೆ ಪಿಗ್ಮಿ ಕಟ್ಟುವವರು, ಚೀಟಿ ಹಾಕುವವರು ಎಲ್ಲ ದಡ್ಡರ ಹಾಗೆ ಕಾಣುತ್ತಾರೆ. ಅವರು ದಡ್ಡರಲ್ಲ. ಪಟ್ಟಿಯಲ್ಲಿ ಇಲ್ಲದ ಒಂದು ವಸ್ತುವನ್ನು ಕೊಳ್ಳುತ್ತಿದ್ದಾರೆ. ಕೊಳ್ಳುವುದು ತಪ್ಪಲ್ಲ. ಆದರೆ ಎಷ್ಟಕ್ಕೆ ಕೊಳ್ಳುತ್ತಿದ್ದೇವೆ ಎಂಬ ಲೆಕ್ಕ ಬೇಕಲ್ವಾ? ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಆ ಲೆಕ್ಕವನ್ನು ಯಾರೂ ಹಾಕಿಲ್ಲ.

ಇನ್ನೊಂದು ಮಾತು. ಕಾವಲಿನಲ್ಲಿ ಎರಡು ಬಗೆ. ದುಡ್ಡು ಒಳಗೆ ಹಾಕಿಸುವ ಕಾವಲು ಒಂದು, ಒಳಗೆ ಹೋದದ್ದನ್ನು ಹೊರಗೆ ತೆಗೆಯಲು ಬಿಡದ ಕಾವಲು ಇನ್ನೊಂದು. ಪಿಗ್ಮಿ ಹಾಕಿಸುತ್ತದೆ, ಆದರೆ ವರ್ಷ ತುಂಬಿದ ಕೂಡಲೇ ಇಡೀ ಗಂಟನ್ನು ಕೈಗೆ ಕೊಡುತ್ತದೆ. ಆ ಗಂಟು ಹಬ್ಬಕ್ಕೋ ಹೊಸ ಗಾಡಿಗೋ ಹೋಗುವುದನ್ನು ಅದು ತಡೆಯುವುದಿಲ್ಲ.

ಪಿಗ್ಮಿ ವಿಷಯ ಬಿಡುವ ಮುಂಚೆ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಮೆಷಿನ್ ಹಿಡಿದು ಬರುವವರೆಲ್ಲ ಬ್ಯಾಂಕಿನವರಲ್ಲ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳೂ ಪಿಗ್ಮಿ ತೆಗೆದುಕೊಳ್ಳುತ್ತವೆ. ಬ್ಯಾಂಕು ಮುಳುಗಿದರೆ ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. 2020ರ ಫೆಬ್ರವರಿಗೆ ಮುಂಚೆ ಅದು 1 ಲಕ್ಷ ಮಾತ್ರ ಇತ್ತು. ಈ ವಿಮೆ ಸಹಕಾರಿ ಬ್ಯಾಂಕುಗಳಿಗೆ ಸಿಗುತ್ತದೆ, ಸಹಕಾರ ಸಂಘಗಳಿಗೆ ಸಿಗುವುದಿಲ್ಲ. ಬೋರ್ಡಿನಲ್ಲಿ ದೊಡ್ಡ ಅಕ್ಷರದ ಹೆಸರು ಓದಿ ಸುಮ್ನೆ ಆಗಬೇಡಿ, ಕೆಳಗೆ ಸಣ್ಣ ಅಕ್ಷರದಲ್ಲಿ ‘ನಿಯಮಿತ’ದ ಹಿಂದೆ ಬ್ಯಾಂಕ್ ಎಂದಿದೆಯೋ, ಸಂಘ ಅಥವಾ ಸಹಕಾರಿ ಎಂದಿದೆಯೋ ಓದಿ. ನಿಮ್ಮೂರಿನ ಸಂಘ ತುಂಬ ಚೆನ್ನಾಗಿಯೇ ನಡೆಯುತ್ತಿರಬಹುದು. ಆದರೂ ಇಡೀ ಜೀವನದ ಉಳಿತಾಯವನ್ನು ಒಂದು ಪರ್ಸೆಂಟ್ ಹೆಚ್ಚಿನ ಬಡ್ಡಿಗಾಗಿ ಅಲ್ಲಿ ಇಡುವುದು ನನಗಂತೂ ಸರಿ ಕಾಣುವುದಿಲ್ಲ.

ಈಗ ಚೀಟಿ. ನಮ್ಮ ಅತ್ತಿಗೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಅವರದು ಒಂದೇ ಕಾಲಕ್ಕೆ ಮೂರು ಚೀಟಿ ನಡೆಯುತ್ತಿತ್ತು. ಒಮ್ಮೆ ನಾನು ‘ಅತ್ತಿಗೆ, ಇದರ ಬದಲು ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕಟ್ಟುವ ಆರ್‌ಡಿ ಮಾಡಬಹುದಲ್ಲ’ ಎಂದೆ. ಅವರು ಸೂಜಿಗೆ ದಾರ ಪೋಣಿಸುತ್ತಾ ಹೇಳಿದ್ದು ಇಷ್ಟು: ‘ನೋಡಪ್ಪಾ, ಆರ್‌ಡಿ ಕಟ್ಲಿಲ್ಲ ಅಂದ್ರೆ ಬ್ಯಾಂಕ್‌ನೋರು ಏನ್ ಮಾಡ್ತಾರೆ? ಒಂದು ಮೆಸೇಜ್ ಕಳಿಸ್ತಾರೆ. ಚೀಟಿ ದುಡ್ಡು ಕೊಡ್ಲಿಲ್ಲ ಅಂದ್ರೆ ಚೀಟಿ ನಡೆಸೋ ಅಕ್ಕ ಗೇಟ್ ಹತ್ರ ನಿಂತು ಕೂಗ್ತಾರೆ. ಇಡೀ ಬೀದಿಗೆ ಕೇಳ್ಸುತ್ತೆ.’

ಇದಕ್ಕಿಂತ ಚೆನ್ನಾಗಿ ಚೀಟಿಯನ್ನು ವಿವರಿಸುವುದು ಕಷ್ಟ. ಆದರೆ ಲೆಕ್ಕ ಹಾಕೋಣ ಎಂದು ಕೂತೆವು.

20 ಜನ, ತಿಂಗಳಿಗೆ 5,000, ಒಟ್ಟು 1 ಲಕ್ಷದ ಚೀಟಿ, 20 ತಿಂಗಳು. ಪ್ರತಿ ತಿಂಗಳು ಕೂಗುತ್ತಾರೆ. ದುಡ್ಡು ಬೇಕಾದವರು ಎಷ್ಟು ಬಿಟ್ಟುಕೊಡುತ್ತೇನೆ ಎಂದು ಹೇಳುತ್ತಾರೆ, ಹೆಚ್ಚು ಬಿಟ್ಟವರಿಗೆ ಚೀಟಿ. 25,000 ಬಿಟ್ಟು ಕೂಗಿದರೆ ಅವರ ಕೈಗೆ 75,000. ಬಿಟ್ಟ 25,000ದಲ್ಲಿ ನಡೆಸುವವರ ಕಮಿಷನ್ 5,000 ಹೋಗಿ, ಉಳಿದ 20,000 ಎಲ್ಲರಿಗೂ ಹಂಚಿಕೆ. ತಲೆಗೆ 1,000 ಲಾಭ. ಆ ತಿಂಗಳು 5,000ದ ಬದಲು 4,000 ಕಟ್ಟಿದರೆ ಸಾಕು. ‘ಈ ತಿಂಗಳು ಚೀಟಿ ಕಮ್ಮಿ ಬಿತ್ತು’ ಎಂದು ಹೆಂಗಸರು ಖುಷಿಪಡುವುದು ಇದಕ್ಕೇ.

ಮೊದಲ ತಿಂಗಳು ದುಡ್ಡಿನ ಅವಸರ ಇರುವವರು ಜಾಸ್ತಿ, 30,000 ಬಿಟ್ಟು ಕೂಗುತ್ತಾರೆ ಎಂದುಕೊಳ್ಳಿ. ತಿಂಗಳು ಕಳೆದಂತೆ ಅದು ಇಳಿಯುತ್ತಾ ಬಂದು ಕೊನೆಯ ತಿಂಗಳು ಕಮಿಷನ್ 5,000 ಮಾತ್ರ ಕಳೆಯುತ್ತದೆ. ಕೊನೆಯವರೆಗೂ ಕಾದವರು ಒಟ್ಟು ಕಟ್ಟಿದ್ದು 87,500, ಪಡೆದದ್ದು 95,000. ಲಾಭ 7,500. ನೋಡಲು ಸಣ್ಣದು. ಆದರೆ ದುಡ್ಡು ಒಂದೇ ಸಲ ಕೊಟ್ಟದ್ದಲ್ಲ, ತಿಂಗಳು ತಿಂಗಳು ಕೊಟ್ಟದ್ದು. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ವರ್ಷಕ್ಕೆ ಸುಮಾರು 11 ಪರ್ಸೆಂಟ್ ಆಗುತ್ತದೆ. ಆರ್‌ಡಿಗಿಂತ ಎಷ್ಟೋ ವಾಸಿ!

ಅತ್ತಿಗೆ ನನ್ನ ಕಡೆ ನೋಡಿ ನಕ್ಕರು. ‘ಹೇಳ್ಲಿಲ್ವಾ ನಾನು’ ಎನ್ನುವ ನಗು.

ಈಗ ಇನ್ನೊಂದು ತುದಿ. ಮೊದಲ ತಿಂಗಳೇ ಎತ್ತಿದವರಿಗೆ ಸಿಕ್ಕಿದ್ದು 70,000. ಅವರೂ ಒಟ್ಟು ಕಟ್ಟುವುದು ಅದೇ 87,500. ಅವರಿಗೆ ಬೀಳುವ ಬಡ್ಡಿ ನಮ್ಮ ಲೇವಾದೇವಿ ಭಾಷೆಯಲ್ಲಿ ತಿಂಗಳಿಗೆ ನೂರಕ್ಕೆ ಎರಡೂಕಾಲು ರೂಪಾಯಿಗಿಂತ ಸ್ವಲ್ಪ ಮೇಲೆ. ಅಂದರೆ ವರ್ಷಕ್ಕೆ 28 ಪರ್ಸೆಂಟ್. ಬ್ಯಾಂಕಿನಲ್ಲಿ ಬಂಗಾರ ಅಡ ಇಟ್ಟರೂ ಇಷ್ಟು ಬೀಳುವುದಿಲ್ಲ.

ಚೀಟಿ ಅಂದರೆ ಇಷ್ಟೇ. ಒಂದೇ ಗುಂಪಿನಲ್ಲಿ ಕೂತವರಲ್ಲಿ ಅರ್ಧ ಜನ ಸಾಲಗಾರರು, ಅರ್ಧ ಜನ ಸಾಲ ಕೊಟ್ಟವರು. ಎಲ್ಲರೂ ‘ಉಳಿತಾಯ ಮಾಡ್ತಿದೀವಿ’ ಎಂದೇ ಹೇಳುತ್ತಾರೆ. ನಾನು ‘ಅತ್ತಿಗೆ, ಮೂರು ಚೀಟಿಯನ್ನೂ ಎಷ್ಟನೇ ತಿಂಗಳು ಎತ್ತಿದ್ರಿ’ ಎಂದು ಕೇಳಿದೆ. ಒಂದು ಎರಡನೇ ತಿಂಗಳು, ಒಂದು ಐದನೆಯದು. ಮೂರನೆಯದು ಮಾತ್ರ ಇನ್ನೂ ಹಾಗೇ ಇತ್ತು. ಒಂದು ಕೈಯಲ್ಲಿ 28ಕ್ಕೆ ಸಾಲ ತೆಗೆದು ಇನ್ನೊಂದು ಕೈಯಲ್ಲಿ 11ಕ್ಕೆ ಸಾಲ ಕೊಡುತ್ತಿದ್ದರು. ಅವರ ನಗು ಆಗ ಕಡಿಮೆಯಾಯಿತು.

ಕೊನೆಗೆ ಎತ್ತುವವರಿಗೆ 11 ಪರ್ಸೆಂಟ್ ಸಿಗುವುದು ಪುಕ್ಕಟೆ ಅಲ್ಲ. ಮುಂಚೆಯೇ ಎತ್ತಿದ 19 ಜನರಲ್ಲಿ ಯಾರೂ ಕೈ ಎತ್ತಬಾರದು, ನಡೆಸುವವರು ಊರು ಬಿಡಬಾರದು. ಇಷ್ಟೂ ಆಗುತ್ತದೆ ಎಂದು ನಂಬಿ 20 ತಿಂಗಳು ಕಾಯುವ ಧೈರ್ಯಕ್ಕೆ ಸಿಗುವ ಪ್ರತಿಫಲ ಅದು. ಚೀಟಿ ಕಾಯ್ದೆ 1982ರದು. ನೋಂದಣಿ ಆಗದ ಚೀಟಿ ನಡೆಸುವುದು ಅದರ ಪ್ರಕಾರ ಅಪರಾಧ. ನೋಂದಣಿ ಆದ ಚೀಟಿಯಲ್ಲಿ ನಡೆಸುವವರು ರಿಜಿಸ್ಟ್ರಾರ್ ಬಳಿ ಭದ್ರತೆ ಇಡಬೇಕು, ಕಮಿಷನ್‌ಗೆ ಮಿತಿ ಇದೆ. ಮೊದಲು 5 ಪರ್ಸೆಂಟ್ ಇತ್ತು, 2019ರ ತಿದ್ದುಪಡಿಯಲ್ಲಿ 7ಕ್ಕೆ ಏರಿಸಿದರು. ನಮ್ಮ ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಬೀದಿಯ ಚೀಟಿಯಲ್ಲಿ ಇದ್ಯಾವುದೂ ಇಲ್ಲ. ಅಲ್ಲಿ ಇರುವುದು ಆ ಅಕ್ಕನ ಗಂಟಲು ಮಾತ್ರ. ಆ ಗಂಟಲು ನಮ್ಮನ್ನು ಕಾಯುತ್ತದೆ ಸರಿ, ಆ ಅಕ್ಕನನ್ನು ಕಾಯುವವರು ಯಾರು?

ಪಾಲಿಸಿ ವಿಷಯಕ್ಕೆ ಬರೋಣ. ಇಲ್ಲಿ ಕೂಲಿ ಇನ್ನೂ ಜಾಸ್ತಿ, ಮತ್ತು ಯಾರ ಕಣ್ಣಿಗೂ ಬೀಳದ ಹಾಗೆ ಕಟ್ಟಾಗುತ್ತದೆ. ನಮ್ಮ ಮನೆಗಳಲ್ಲಿ ‘ಇನ್ಶೂರೆನ್ಸ್ ಇದೆಯಾ’ ಎಂದರೆ ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರ್ ಹೊರಬರುತ್ತದೆ. ಒಳಗೆ ಮೂರೋ ನಾಲ್ಕೋ ಬಾಂಡು. ಒಂದು ಸೋದರಮಾವ ಏಜೆಂಟ್ ಆದಾಗ ಮಾಡಿಸಿದ್ದು, ಒಂದು ಮಗು ಹುಟ್ಟಿದಾಗ, ಒಂದು ಮಾರ್ಚ್ ತಿಂಗಳ ಕೊನೆಯ ವಾರ ಟ್ಯಾಕ್ಸ್ ಉಳಿಸಲು. ಮಾರ್ಚ್ ತಿಂಗಳ ಪಾಲಿಸಿಯ ಕಾರಣ ಈಗ ಬಹಳ ಜನಕ್ಕೆ ಉಳಿದೇ ಇಲ್ಲ. ಹೊಸ ಟ್ಯಾಕ್ಸ್ ಪದ್ಧತಿಯಲ್ಲಿ ಇಂಥ ಕಂತಿಗೆ ಸಿಗುತ್ತಿದ್ದ 80ಸಿ ರಿಯಾಯಿತಿ ಇಲ್ಲ. 2025-26ರಿಂದ ಅದರಲ್ಲಿ ವರ್ಷಕ್ಕೆ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆಯೇ ಬೀಳುವುದಿಲ್ಲ. ಆದರೂ ಮಾರ್ಚ್ ಬಂದರೆ ಜನ ಅಭ್ಯಾಸದಿಂದ ಫೋನ್ ಮಾಡುತ್ತಾರೆ: ‘ಏನಾದ್ರೂ ಒಂದು ಪಾಲಿಸಿ ಮಾಡಿಸ್ಲಾ ಸಾರ್?’

ವರ್ಷಕ್ಕೆ 50,000 ಕಂತು, 20 ವರ್ಷ. ಕಟ್ಟುವುದು 10 ಲಕ್ಷ. ಬೋನಸ್ ಎಲ್ಲ ಸೇರಿ ಕೊನೆಗೆ 17 ಲಕ್ಷ ಚಿಲ್ಲರೆ ಬಂತು ಎನ್ನೋಣ. ಮದುವೆ ಮನೆಯಲ್ಲಿ ಹೇಳಿಕೊಳ್ಳಲು ಚೆನ್ನಾಗಿದೆ. ಆದರೆ ಅದು ವರ್ಷಕ್ಕೆ 5 ಪರ್ಸೆಂಟ್. ಅದೇ 50,000ವನ್ನು ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆಯಾದ ಪಿಪಿಎಫ್‌ಗೆ ಹಾಕಿದರೆ, 2020ರ ಏಪ್ರಿಲ್‌ನಿಂದ ಅಲ್ಲಾಡದೆ ನಿಂತಿರುವ 7.1 ಪರ್ಸೆಂಟ್ ಹಾಗೇ ಇದ್ದರೆ, 20 ವರ್ಷಕ್ಕೆ 22 ಲಕ್ಷ ಆಗುತ್ತದೆ. ಮಧ್ಯದ 4.8 ಲಕ್ಷ ಕಾವಲಿನ ಕೂಲಿ. ಹೌದು, ಅದರಲ್ಲಿ ಸ್ವಲ್ಪ ಭಾಗ ಜೀವವಿಮೆಯ ಬೆಲೆ. ಎಷ್ಟು ಜೀವವಿಮೆ? ಸುಮಾರು 10 ಲಕ್ಷ.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಆ 4.8 ಲಕ್ಷಕ್ಕಲ್ಲ, ಈ 10 ಲಕ್ಷಕ್ಕೆ. ತಿಂಗಳಿಗೆ 40,000 ಖರ್ಚಿರುವ ಮನೆ. ದುಡಿಯುವವರು ಹೋಗಿಬಿಟ್ಟರೆ 10 ಲಕ್ಷ ಎರಡು ವರ್ಷ ಓಡುತ್ತದೆ. ಮಗು ಮೂರನೇ ಕ್ಲಾಸಿನಲ್ಲಿದ್ದರೆ ಐದನೇ ಕ್ಲಾಸಿಗೆ ಬರುವಷ್ಟರಲ್ಲಿ ದುಡ್ಡು ಖಾಲಿ. ‘ಇನ್ಶೂರೆನ್ಸ್ ಇದೆ’ ಎಂಬ ನೆಮ್ಮದಿಯಲ್ಲಿ ಇಡೀ ಮನೆ ಇಪ್ಪತ್ತು ವರ್ಷ ಮಲಗಿರುತ್ತದೆ. ಟರ್ಮ್ ಇನ್ಶೂರೆನ್ಸ್ ಎಂಬುದು ಬೇರೆಯೇ ಇದೆ. ಬದುಕಿದ್ದರೆ ಏನೂ ವಾಪಸ್ ಬರುವುದಿಲ್ಲ, ಅದಕ್ಕೇ ಅಗ್ಗ. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲೆ ಜಿಎಸ್‌ಟಿಯೂ ಇಲ್ಲ, ವೈಯಕ್ತಿಕ ಆರೋಗ್ಯ ವಿಮೆಯ ಮೇಲೂ ಇಲ್ಲ. ‘ಏನೂ ವಾಪಸ್ ಬರಲ್ವಾ? ಹಾಗಾದ್ರೆ ದಂಡ ಅಲ್ವಾ’ ಎಂದು ಎಲ್ಲರೂ ಕೇಳುತ್ತಾರೆ. ಬೈಕಿಗೆ ವರ್ಷ ವರ್ಷ ಇನ್ಶೂರೆನ್ಸ್ ಕಟ್ಟುವಾಗ ಯಾರೂ ಈ ಪ್ರಶ್ನೆ ಕೇಳುವುದಿಲ್ಲ.

ವ್ಯಾಪಾರ ಮಾಡುವವರಿಗೆ ಇನ್ನೊಂದು ಉಪಯೋಗದ ಮಾತು. ಗಂಡ ತನ್ನ ಟರ್ಮ್ ಪಾಲಿಸಿಯನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ತೆಗೆದುಕೊಳ್ಳಬಹುದು. ತೆಗೆದುಕೊಳ್ಳುವಾಗಲೇ ಫಾರಂನಲ್ಲಿ ಬರೆಯಬೇಕು. ಹಾಗೆ ಮಾಡಿದರೆ ಆ ದುಡ್ಡು ಹೆಂಡತಿ ಮಕ್ಕಳದ್ದು. ಗಂಡನ ಅಂಗಡಿಗೆ ಸಾಲ ಕೊಟ್ಟವರು ಅದಕ್ಕೆ ಕೈ ಹಾಕುವಂತಿಲ್ಲ. ಕೊಬ್ಬರಿ ಪೇಟೆಯಲ್ಲಿ ಒಂದು ವರ್ಷ ಬೆಲೆ ಬಿದ್ದರೆ ಏನಾಗುತ್ತದೆ ಎಂದು ಕಂಡವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಹಳೆಯ ಪಾಲಿಸಿಗಳನ್ನು ಏನು ಮಾಡಬೇಕು ಎಂದು ಕೇಳಿದರೆ ನನ್ನದು ಒಂದೇ ಉತ್ತರ ಅಲ್ಲ. ಮುಗಿಯಲು ಮೂರು ನಾಲ್ಕು ವರ್ಷ ಇದ್ದರೆ ಸುಮ್ನೆ ಮುಗಿಸಿ. ಈಗಷ್ಟೇ ಮಾಡಿಸಿದ್ದರೆ, ಬಾಂಡು ಕೈಗೆ ಬಂದ 30 ದಿನದೊಳಗೆ ಬೇಡ ಎಂದು ವಾಪಸ್ ಕೊಡಬಹುದು, ಸಣ್ಣಪುಟ್ಟ ಖರ್ಚು ಕಳೆದು ದುಡ್ಡು ಬರುತ್ತದೆ. ಮಧ್ಯದಲ್ಲಿರುವವು ಪೇಡ್-ಅಪ್ ಮಾಡಿಸಬಹುದು, ಅಂದರೆ ಮುಂದೆ ಕಂತು ಕಟ್ಟಬೇಕಿಲ್ಲ, ಕಟ್ಟಿದ ಕಂತುಗಳಿಗೆ ತಕ್ಕ ಮೊತ್ತ ಅವಧಿ ಮುಗಿದಾಗ ಬರುತ್ತದೆ. ಆದರೆ ಯಾವುದನ್ನು ನಿಲ್ಲಿಸುವ ಮುಂಚೆಯೂ ಟರ್ಮ್ ಪಾಲಿಸಿ ಕೈಗೆ ಬಂದಿರಬೇಕು. ಮೆಡಿಕಲ್ ಟೆಸ್ಟ್‌ನಲ್ಲಿ ಏನು ಬರುತ್ತದೋ ಯಾರಿಗೆ ಗೊತ್ತು.

ಬಂಗಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳಿದರೆ ಮನೆಯಲ್ಲಿ ಊಟ ಸಿಗುವುದಿಲ್ಲ. ಒಡವೆ ಅಂಗಡಿಯ ಸ್ಕೀಮು 11 ತಿಂಗಳಿಗೇ ಯಾಕೆ ಮುಗಿಯುತ್ತದೆ ಗೊತ್ತೇ? ಮುಂಗಡ ಪಡೆದು 365 ದಿನದೊಳಗೆ ಮಾಲು ಕೊಡದಿದ್ದರೆ ಕಂಪನಿ ಕಾನೂನಿನಲ್ಲಿ ಅದು ಠೇವಣಿ ಎನಿಸಿಕೊಳ್ಳುತ್ತದೆ. ಆಗ ಬೇರೆಯೇ ನಿಯಮಗಳು. ಅದಕ್ಕೇ 11 ಕಂತು ನಿಮ್ಮದು, 12ನೆಯದು ಅಂಗಡಿಯದು. ತಿಂಗಳಿಗೆ 10,000ದಂತೆ 1.1 ಲಕ್ಷ ಕಟ್ಟಿ 1.2 ಲಕ್ಷದ ಒಡವೆ ಎಂದರೆ ಭಾರಿ ಲಾಭ. ಆಮೇಲೆ ವೇಸ್ಟೇಜು, ಮಜೂರಿ, 3 ಪರ್ಸೆಂಟ್ ಜಿಎಸ್‌ಟಿ. ವೇಸ್ಟೇಜು 12 ಪರ್ಸೆಂಟ್ ಇದ್ದರೆ ಅಂಗಡಿಯವರು ಕೊಟ್ಟ ಕಂತು ಅಲ್ಲೇ ಮುಗಿಯಿತು. ಹಾಕಿಕೊಳ್ಳಲು ಒಡವೆ ಬೇಕೆಂದರೆ ಸ್ಕೀಮು ಚೆನ್ನಾಗಿದೆ. ಉಳಿತಾಯ ಎಂದು ಹೇಳಿಕೊಳ್ಳಬೇಡಿ ಅಷ್ಟೇ. ಆದರೆ ಬಂಗಾರಕ್ಕೆ ಒಂದು ಗುಣ ಇದೆ, ಅದನ್ನು ಒಪ್ಪಬೇಕು. ಹೊರಗೆ ಹೋಗದಂತೆ ತಡೆಯುವುದರಲ್ಲಿ ಅದಕ್ಕೆ ಸಮ ಇಲ್ಲ. ಎಫ್‌ಡಿ ಮುರಿಯಲು ಯಾರೂ ಅಳುವುದಿಲ್ಲ. ಬಳೆ ಮಾರಲು ಹೊರಟರೆ ಮನೆಯಲ್ಲಿ ಎರಡು ದಿನ ಮಾತು ನಿಲ್ಲುತ್ತದೆ.

ಸಂಬಳದವರ ಕಥೆಯೇ ಬೇರೆ. ಅವರಿಗೆ ಈ ದೇಶದಲ್ಲೇ ಒಳ್ಳೆಯ ಕಾವಲುಗಾರ ಪುಕ್ಕಟೆಯಾಗಿ ಸಿಕ್ಕಿದ್ದಾನೆ. ಪಿಎಫ್. ಸಂಬಳ ಕಣ್ಣಿಗೆ ಬೀಳುವ ಮುಂಚೆಯೇ ಹಿಡಿದುಕೊಳ್ಳುತ್ತದೆ, ಸುಲಭವಾಗಿ ಬಿಡುವುದೂ ಇಲ್ಲ. ಹಾಕಿಸುವುದು, ತಡೆಯುವುದು ಎರಡೂ ಆಯಿತು. ಬಡ್ಡಿ 2023-24ರಲ್ಲೂ 2024-25ರಲ್ಲೂ 8.25 ಪರ್ಸೆಂಟ್. ಬೇಸಿಕ್ 20,000 ಇರುವ ಹುಡುಗನ ಖಾತೆಗೆ ಅವನ 2,400, ಕಂಪನಿಯ 2,400ರಲ್ಲಿ ಪಿಂಚಣಿಗೆ 1,250 ಹೋಗಿ ಉಳಿದ 1,150, ಒಟ್ಟು ತಿಂಗಳಿಗೆ 3,550 ಬೀಳುತ್ತದೆ. ಸಂಬಳ ಒಂದು ರೂಪಾಯಿಯೂ ಏರದೆ, ಬಡ್ಡಿಯೂ ಹೀಗೇ ಇದ್ದು 30 ವರ್ಷ ಕಳೆದರೆ 50 ಲಕ್ಷ ದಾಟುತ್ತದೆ.

ಆದರೆ ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ಕಂಪನಿ ಬದಲಿಸಿದ ಕೂಡಲೇ ಮಾಡುವ ಮೊದಲ ಕೆಲಸ ಪಿಎಫ್ ತೆಗೆಯುವುದು. ‘ಅಲ್ಲೇನಿದೆ, ಎರಡೂವರೆ ಲಕ್ಷ’ ಎನ್ನುತ್ತಾರೆ. ಹೊಸ ಬೈಕು, ಗೋವಾ, ಅಕ್ಕನ ಮದುವೆಗೆ ಸ್ವಲ್ಪ. ಆ 2.5 ಲಕ್ಷ ಇದೇ ಬಡ್ಡಿಯಲ್ಲಿ ಇನ್ನೂ 25 ವರ್ಷ ಇದ್ದಿದ್ದರೆ 18 ಲಕ್ಷ ಆಗುತ್ತಿತ್ತು. ಇದನ್ನು 27 ವರ್ಷದವನಿಗೆ ಹೇಳಿದರೆ ಅವನು ನನ್ನನ್ನು ನೋಡುವ ನೋಟ ನನಗೆ ಗೊತ್ತು. ಹಾಗಾಗಿ ಈಗ ನಾನು ಲೆಕ್ಕ ಹೇಳುವುದಿಲ್ಲ. ‘ನಿನ್ನ ಪಿಎಫ್ ನಂಬರ್, ಆ ಯುಎಎನ್, ಅದೇ ಇದೆಯಲ್ಲ, ಆನ್‌ಲೈನ್‌ನಲ್ಲಿ ಟ್ರಾನ್ಸ್‌ಫರ್ ಕೊಡು, ಹತ್ತು ನಿಮಿಷದ ಕೆಲಸ’ ಎಂದು ಅವರ ಮುಂದೆಯೇ ಕೂತು ಮಾಡಿಸಿಬಿಡುತ್ತೇನೆ. ಉಪದೇಶಕ್ಕಿಂತ ಅದು ಬೇಗ ಮುಗಿಯುತ್ತದೆ.

ಇನ್ನು ಎಸ್‌ಐಪಿ, ಅಂದರೆ ತಿಂಗಳು ತಿಂಗಳು ಮ್ಯೂಚುವಲ್ ಫಂಡ್‌ಗೆ ದುಡ್ಡು ಹಾಕುವುದು. ಮೊಬೈಲ್ ತೆರೆದರೆ ಅದೇ ಮಾತು. ದೀರ್ಘ ಕಾಲಕ್ಕೆ ಮ್ಯೂಚುವಲ್ ಫಂಡ್ ಒಳ್ಳೆಯದೇ, ನಾನೂ ಹಾಕುತ್ತೇನೆ. ಆದರೆ ಅದರ ಕಾವಲು ತುಂಬ ತೆಳ್ಳಗೆ. ತಿಂಗಳ ದುಡ್ಡು ತಾನಾಗಿ ಕಟ್ಟಾಗುತ್ತದೆ, ಸರಿ. ನಿಲ್ಲಿಸುವುದಕ್ಕೆ ಎರಡು ಬೆರಳು ಸಾಕು. ಗೇಟಿನ ಹತ್ತಿರ ಯಾರೂ ಕೂಗುವುದಿಲ್ಲ.

2020ರ ಮಾರ್ಚ್ ನೆನಪು ಮಾಡಿಕೊಳ್ಳಿ. ಆ ವರ್ಷದ ಜನವರಿಯಲ್ಲಿ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 42,000 ಮುಟ್ಟಿತ್ತು. ಮಾರ್ಚ್ 23ರ ಒಂದೇ ದಿನ 3,935 ಅಂಶ ಬಿದ್ದು 25,981ಕ್ಕೆ ಬಂದು ನಿಂತಿತು. ಆ ವಾರ ನನಗೆ ಫೋನ್ ಮಾಡಿದವರೆಲ್ಲ ಓದಿದವರು. ‘ಪೂರ್ತಿ ಹೋಗೋ ಮುಂಚೆ ತೆಗೆದುಬಿಡ್ಲಾ?’ ಕೆಲವರು ತೆಗೆದರು. ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ಸೆನ್ಸೆಕ್ಸ್ 60,000 ದಾಟಿತು. ತೆಗೆದವರು ನಷ್ಟವನ್ನು ಗಟ್ಟಿ ಮಾಡಿಕೊಂಡು ಹೊರಗೆ ನಿಂತಿದ್ದರು. ಅದೇ ಹೊತ್ತಿನಲ್ಲಿ ಪಿಪಿಎಫ್ ಇದ್ದವರಿಗೆ ಗಾಬರಿಯಾಗಿದ್ದರೂ ಅಷ್ಟನ್ನೂ ಒಮ್ಮೆಗೇ ತೆಗೆಯಲು ಆಗುತ್ತಿರಲಿಲ್ಲ.

ಇದರಿಂದಾಗಿ ಡೈರೆಕ್ಟ್ ಪ್ಲಾನ್, ರೆಗ್ಯುಲರ್ ಪ್ಲಾನ್ ಜಗಳದಲ್ಲಿ ನಾನು ಪೂರ್ತಿ ಒಂದು ಕಡೆ ನಿಲ್ಲುವುದಿಲ್ಲ. 2013ರ ಜನವರಿಯಿಂದ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಇದೆ. ರೆಗ್ಯುಲರ್ ಅಂದರೆ ಏಜೆಂಟರ ಕಮಿಷನ್ ಸೇರಿದ್ದು. ತಿಂಗಳಿಗೆ 10,000ದಂತೆ 20 ವರ್ಷ ಹಾಕಿ, 10 ಪರ್ಸೆಂಟ್ ಬದಲು 11 ಬಂದರೆ ಸುಮಾರು 10 ಲಕ್ಷ ವ್ಯತ್ಯಾಸ. ಆ 1 ಪರ್ಸೆಂಟ್ ಏಜೆಂಟರಿಗೆ ಯಾಕೆ ಕೊಡಬೇಕು ಎನ್ನುವುದು ನ್ಯಾಯವಾದ ಪ್ರಶ್ನೆ. ಆದರೆ ಅವತ್ತು ಮಾರ್ಚ್ 23ರ ಸಂಜೆ ಫೋನ್ ಎತ್ತಿ ‘ಏನೂ ಮಾಡ್ಬೇಡಿ, ಸುಮ್ನೆ ಇರಿ’ ಎಂದು ಗದರಿಸಿದ ಏಜೆಂಟರು ಇದ್ದರೆ ಅವರು ಅಷ್ಟೂ ವರ್ಷದ ಕಮಿಷನ್ನನ್ನು ಒಂದೇ ದಿನ ದುಡಿದಂತೆ. ಅಂದು ಫೋನೇ ಎತ್ತದವರಿಗೆ ಇನ್ನೂ ಕಮಿಷನ್ ಕೊಡುತ್ತಿದ್ದೀರಾ? ಆಗ ಇವತ್ತೇ ಡೈರೆಕ್ಟ್‌ಗೆ ಹೋಗಿ.

ಕೂಲಿ ಕಡಿಮೆ ಮಾಡುವ ದಾರಿ ಒಂದು ಇದೆ. ಪಿಪಿಎಫ್‌ಗೆ ಕಾವಲು ಅರ್ಧ ಮಾತ್ರ. 15 ವರ್ಷ ಸುಲಭವಾಗಿ ಹೊರಗೆ ಬಿಡುವುದಿಲ್ಲ, ಆದರೆ ಒಳಗೆ ಹಾಕಿ ಎಂದು ಯಾರೂ ಕೇಳುವುದಿಲ್ಲ. ವರ್ಷಕ್ಕೆ 500 ರೂಪಾಯಿ ಹಾಕಿದರೂ ಖಾತೆ ಜೀವಂತ. ಹೆಣ್ಣುಮಗುವಿನ ಸುಕನ್ಯಾ ಸಮೃದ್ಧಿಯೂ ಹೀಗೇ. 8.2 ಪರ್ಸೆಂಟ್ ಕೊಡುತ್ತದೆ, ಆದರೆ ಖಾತೆ ತೆರೆದು 250 ರೂಪಾಯಿ ಹಾಕಿ ಮರೆತ ಅಪ್ಪಂದಿರು ಎಷ್ಟೋ ಜನ. ಇವಕ್ಕೆ ಬ್ಯಾಂಕಿನ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್, ಅಂದರೆ ಪ್ರತಿ ತಿಂಗಳು ತಾನಾಗಿ ದುಡ್ಡು ಹೋಗುವ ಏರ್ಪಾಡು, ಜೋಡಿಸಿದರೆ ಉಳಿದರ್ಧವೂ ಸಿಗುತ್ತದೆ, ಅದೂ ಪುಕ್ಕಟೆಯಾಗಿ. ತಾರೀಖು ಮಾತ್ರ ನೋಡಿ ಹಾಕಿ. ಪಿಪಿಎಫ್ ಬಡ್ಡಿಯನ್ನು ಪ್ರತಿ ತಿಂಗಳ 5ರ ನಂತರ ತಿಂಗಳ ಕೊನೆಯವರೆಗೆ ಇರುವ ಕಡಿಮೆ ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ. 6ರಂದು ಹಾಕಿದ ದುಡ್ಡಿಗೆ ಆ ತಿಂಗಳ ಬಡ್ಡಿ ಇಲ್ಲ. ಸುಕನ್ಯಾಕ್ಕೂ ಅದೇ ನಿಯಮ.

ಅತ್ತಿಗೆಯ ಮನೆಯಲ್ಲಿ ಅಣ್ಣನ ಸಂಬಳ 1ಕ್ಕೆ ಬರುತ್ತದೆ. ಹಾಗಾಗಿ 3ನೇ ತಾರೀಖು ಪಿಪಿಎಫ್‌ಗೆ ಹೋಗುವಂತೆ ಮಾಡಿದೆವು. ಆಸ್ಪತ್ರೆ ಗೀಸ್ಪತ್ರೆ ಎಂದರೆ ತೆಗೆಯಲು ನಾಲ್ಕು ತಿಂಗಳ ಖರ್ಚನ್ನು ಬೇರೆ ಬ್ಯಾಂಕಿನ ಎಫ್‌ಡಿಯಲ್ಲಿ ಇಡಬೇಕೆಂದು ಶುರು ಮಾಡಿದ್ದಾರೆ, ಇನ್ನೂ ಅರ್ಧ ಆಗಿದೆ. ಅಣ್ಣನ ಟರ್ಮ್ ಪಾಲಿಸಿ ಆಯಿತು. ಸಕ್ಕರೆ ಕಾಯಿಲೆ ಇರುವುದನ್ನು ಫಾರಂನಲ್ಲಿ ಬರೆಯುವುದು ಬೇಡ ಎಂದು ಅಣ್ಣ ಹಟ ಮಾಡಿದ. ಬರೆಸಿದೆ, ಕಂತು ಸ್ವಲ್ಪ ಜಾಸ್ತಿ ಆಯಿತು. ಮುಚ್ಚಿಟ್ಟು ಅಗ್ಗದ ಪಾಲಿಸಿ ತೆಗೆದುಕೊಂಡರೆ ನಾಳೆ ಅತ್ತಿಗೆ ಕ್ಲೇಮ್ ಹಿಡಿದು ಅಲೆಯಬೇಕಾಗುತ್ತದೆ.

ಚೀಟಿಗಳಲ್ಲಿ ಎರಡು ಮುಗಿದವು, ಹೊಸದು ಹಾಕಲಿಲ್ಲ. ಮೂರನೆಯದು ಬಿಡಲು ಅತ್ತಿಗೆ ಒಪ್ಪಲಿಲ್ಲ. ಅವರಮ್ಮನಿಗೆ ರಾತ್ರಿ ಎದೆನೋವು ಬಂದಾಗ ಬೆಳಗಾಗುವಷ್ಟರಲ್ಲಿ 80,000 ತಂದುಕೊಟ್ಟದ್ದು ಇದೇ ಚೀಟಿ ಗುಂಪಿನವರು. ಒಂದು ಕಾಗದ ಕೇಳಲಿಲ್ಲ, ಒಂದು ಸಹಿ ಕೇಳಲಿಲ್ಲ. ‘ನಿನ್ನ ಎಫ್‌ಡಿ ಪೂರ್ತಿ ಆದ್ಮೇಲೆ ನೋಡೋಣ’ ಎಂದರು ಅತ್ತಿಗೆ. ಮಾತು ಸರಿ ಇತ್ತು. ಈ ಸಲ ಕೊನೆಯ ಮೂರು ತಿಂಗಳವರೆಗೆ ಎತ್ತುವುದಿಲ್ಲ ಎಂಬ ಒಪ್ಪಂದಕ್ಕೆ ಬಂದಿದ್ದೇವೆ. ಮುಂದಿನ ಸಲ ಹಾಕುವುದಾದರೆ ನೋಂದಣಿ ಆದದ್ದರಲ್ಲಿ ಎಂದು ನಾನು ಹೇಳಿದ್ದಕ್ಕೆ, ಅಲ್ಲಿ ಎತ್ತುವಾಗ ಜಾಮೀನಿಗೆ ಎಷ್ಟು ಜನ ಬೇಕು ಎಂದು ವಿಚಾರಿಸಿ ಹೇಳು ಎಂದಿದ್ದಾರೆ. ಈ ವಾರ ಹೋಗಿ ಕೇಳಬೇಕು.